ಸುಡದ ಬಿಸಿ



ಸುವರ್ಣ ಮಹೋತ್ಸವದ ಈ ವೇದಿಕೆಯಲ್ಲಿ ವಿಜ್ಞಾನದ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದಾರೆ. ಆಕಾಶದ ಒಂದು ಸೋಜಿಗವನ್ನು ಹೇಳುತ್ತೇನೆ.

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ಅದರ ಕ್ಯಾಮೆರಾಗಳು ಆ ಬೆಳಕನ್ನು ಸೆರೆಹಿಡಿದವು. ಅದು ಧ್ರುವಪ್ರಭೆ. ಹಿಂದೆ ಆಕಾಶ ಹೀಗೆ ಕೆಂಪಾದರೆ ಜನ ಅಪಶಕುನವೆಂದು ಹೆದರುತ್ತಿದ್ದರು. ಇಂದು ನಮಗೆ ಕಾರಣ ಗೊತ್ತಿದೆ.

ಸೂರ್ಯನಿಂದ ಸಿಡಿದು ಬಂದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತವೆ. ಆಗ ವೇಗದ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಗುಂಟ ಮೇಲಿನ ವಾಯುಮಂಡಲಕ್ಕೆ ನುಗ್ಗಿ, ಪರಮಾಣುಗಳಿಂದ ಮತ್ತಷ್ಟು ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತವೆ. ಹೀಗೆ ಬಿಡುಗಡೆಯಾದವು ತಮ್ಮ ಶಕ್ತಿಯನ್ನು ಸುತ್ತಲಿನ ಎಲೆಕ್ಟ್ರಾನ್‌ಗಳಿಗೆ ಹಂಚುತ್ತವೆ. ಅವು ಬಿಸಿಯಾಗುತ್ತವೆ.

ಆ ಬಿಸಿ ಗಾಳಿಗೆ ಬೇಗ ದಾಟುವುದಿಲ್ಲ. ಏಕೆಂದರೆ ಆಮ್ಲಜನಕದ ಪರಮಾಣು ಎಲೆಕ್ಟ್ರಾನಿಗಿಂತ ಸುಮಾರು 29,000 ಪಟ್ಟು ಭಾರ. ಗೋಲಿ ಬಂಡೆಗೆ ಬಡಿದರೆ ಗೋಲಿ ಪುಟಿಯುತ್ತದೆ, ಬಂಡೆ ಅಲುಗುವುದಿಲ್ಲ. ಹಾಗಾಗಿ ಒಂದೇ ಜಾಗದಲ್ಲಿ ಗಾಳಿಯ ತಾಪ ಒಂದಾದರೆ ಎಲೆಕ್ಟ್ರಾನ್‌ಗಳ ತಾಪ ಇನ್ನೊಂದು. ಅದು 3,000 ಡಿಗ್ರಿ ದಾಟುವುದೂ ಉಂಟು.

ನಮ್ಮ ಕಡೆಯ ಹೊಗೆಸೊಪ್ಪಿನ ಬ್ಯಾರನ್ ನೀವೆಲ್ಲ ಕಂಡಿದ್ದೀರಿ. ಸೊಪ್ಪು ಒಣಗುವಾಗ ಒಳಗೆ ಹೋಗಲಾಗದಷ್ಟು ಝಳ. ಅಲ್ಲಿರುವುದು ಹೆಚ್ಚೆಂದರೆ 70 ಡಿಗ್ರಿಯ ಆಸುಪಾಸು. ಮೇಲಿನ 3,000 ಡಿಗ್ರಿ ಮಾತ್ರ ಕೈಯನ್ನು ಸುಡದು. ಅಲ್ಲಿ ಕಣಗಳು ಅಷ್ಟು ವಿರಳ. ತಾಪ ಬೇರೆ, ಶಾಖದ ಪ್ರಮಾಣ ಬೇರೆ.

ಬಿಸಿ ಎಲೆಕ್ಟ್ರಾನ್ ಕೆಣಕಿದ ಆಮ್ಲಜನಕದ ಪರಮಾಣು ಸುಮಾರು ಎರಡು ನಿಮಿಷ ತಡೆದು ಕೆಂಪು ಬೆಳಕು ಚೆಲ್ಲುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಬೇರೆ ಕಣ ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಬಿಡುತ್ತದೆ. ಆದ್ದರಿಂದ ಈ ಕೆಂಪು ಹೆಚ್ಚಾಗಿ 200 ಕಿ.ಮೀ.ಗಿಂತ ಮೇಲೆ ಹುಟ್ಟುತ್ತದೆ. ಎತ್ತರದಲ್ಲಿರುವುದರಿಂದಲೇ ಬಹು ದೂರಕ್ಕೂ ಕಾಣುತ್ತದೆ.

ಇದರಿಂದ ನಮಗೇನು ಎನ್ನಬೇಡಿ. ಇಂಥ ಕಾಂತ ಬಿರುಗಾಳಿಯಲ್ಲಿ ಹರಿಯುವ ವಿದ್ಯುತ್ ಗಾಳಿಯನ್ನೂ ಕಾಯಿಸಿ ಉಬ್ಬಿಸುತ್ತದೆ, ಉಪಗ್ರಹಗಳಿಗೆ ತಡೆಯೊಡ್ಡುತ್ತದೆ. 2022ರ ಫೆಬ್ರವರಿಯಲ್ಲಿ ಒಟ್ಟಿಗೆ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೀಗೆಯೇ ನಾಶವಾದವು. ಮಳೆಯ ಮುನ್ಸೂಚನೆಗೂ ಮೊಬೈಲಿನ ದಾರಿ ನಕ್ಷೆಗೂ ನಾವು ಉಪಗ್ರಹಗಳನ್ನೇ ನಂಬಿದ್ದೇವೆ.

ಮಕ್ಕಳೇ, ಹತ್ತನೇ ತರಗತಿಯಲ್ಲಿ ಆಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿ ನೋಡುವ ಕಾಂತರೇಖೆಗಳ ಪಾಠವೇ ಹಾನ್ಲೆಯ ಬೆಳಕಿನ ಮೊದಲ ಪಾಠ. ಅದನ್ನು ಪುಸ್ತಕದ ಚಿತ್ರದಲ್ಲಿ ನೋಡಿ ಬಿಡಬೇಡಿ. ಮೇಷ್ಟ್ರನ್ನು ಕೇಳಿ, ಕೈಯಾರೆ ಮಾಡಿ.