ಶಾಲೆಯ ಸಾಲ, ಊರಿನ ಲೆಕ್ಕ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



"ಶಿಕ್ಷಣ ಮತ್ತು ತಂತ್ರಜ್ಞಾನದ ಮೇಲೆ ಅರ್ಧ ಗಂಟೆ ಮಾತಾಡಮ್ಮ" ಎಂದು ಕಾರ್ಯಾಧ್ಯಕ್ಷೆ ಅಕ್ಕ ಫೋನ್ ಮಾಡಿದಾಗ, "ತಂತ್ರಜ್ಞಾನ ಸ್ವಲ್ಪ ಕಡಿಮೆ, ದುಡ್ಡಿನ ಲೆಕ್ಕ ಸ್ವಲ್ಪ ಜಾಸ್ತಿ ಆದರೆ ನಡೆಯುತ್ತದಾ ಅಕ್ಕ?" ಎಂದು ಕೇಳಿದ್ದೆ. ನಕ್ಕು ಒಪ್ಪಿಕೊಂಡರು. ಇವತ್ತು ನಾನು ಹೇಳುವುದು ಹೆಚ್ಚಾಗಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸರ್ಕಾರಿ ಶಾಲೆಗಳ ವಿಚಾರ. ಮುಂಬಯಿಯಲ್ಲಿ ಕೂತ ನಮಗೆ ಅದು ಯಾಕೆ ಎಂಬ ಪ್ರಶ್ನೆ ನಿಮ್ಮ ಮುಖದಲ್ಲಿ ಕಾಣುತ್ತಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆಗ ಸ್ವಲ್ಪ ಜಗಳವೂ ಆಗಬಹುದು.

ನ್ಯೂಯಾರ್ಕ್ ಬಿಟ್ಟರೆ ಅಮೆರಿಕದ ಅತಿ ದೊಡ್ಡ ಶಾಲಾ ಜಿಲ್ಲೆ ಲಾಸ್ ಏಂಜಲೀಸ್‌ನದು. ಈ ಶತಮಾನದ ಆರಂಭದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಮೆಕ್ಸಿಕೊ, ಮಧ್ಯ ಅಮೆರಿಕಗಳಿಂದ ವಲಸೆ ಬಂದ ಕುಟುಂಬಗಳು ನಗರದ ನಡುವಿನ ಬಡಾವಣೆಗಳಲ್ಲಿ ತುಂಬಿಕೊಂಡವು. ಆದರೆ ದಶಕಗಳಿಂದ ಹೊಸ ಶಾಲೆ ಕಟ್ಟಿದ್ದು ತೀರಾ ಕಡಿಮೆ. 1978ರಲ್ಲಿ 'ಪ್ರೊಪೊಸಿಷನ್ 13' ಎಂಬ ಜನಮತದ ಮೂಲಕ ಕ್ಯಾಲಿಫೋರ್ನಿಯಾದ ಜನ ತಮ್ಮ ಆಸ್ತಿ ತೆರಿಗೆಗೆ ತಾವೇ ಮಿತಿ ಹಾಕಿಕೊಂಡರು. ತೆರಿಗೆ ಇಳಿಯಿತು, ಶಾಲೆ ಕಟ್ಟುವ ದುಡ್ಡೂ ಇಳಿಯಿತು. ಮೇಲಿಂದ 1996ರಲ್ಲಿ ರಾಜ್ಯವು ಸಣ್ಣ ತರಗತಿಗಳಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಯೋಜನೆ ತಂದಿತು. ಒಳ್ಳೆಯ ಯೋಜನೆಯೇ. ಆದರೆ 30 ಮಕ್ಕಳ ತರಗತಿಯನ್ನು 20ಕ್ಕೆ ಇಳಿಸಿದರೆ ಉಳಿದ ಹತ್ತು ಮಕ್ಕಳನ್ನು ಕೂರಿಸಲು ಕೋಣೆ ಎಲ್ಲಿ? ಆಟದ ಮೈದಾನಗಳಲ್ಲಿ ತಗಡಿನ ಡಬ್ಬಿಯಂಥ ತಾತ್ಕಾಲಿಕ ಕೋಣೆಗಳು ಬಂದು ಕೂತವು.

ಅದೂ ಸಾಲದಾದಾಗ ಬಂದದ್ದು 'ಕಾನ್ಸೆಪ್ಟ್ 6' ಎಂಬ ಕ್ಯಾಲೆಂಡರ್. ನಮ್ಮ ಪಾಲಿಕೆ ಶಾಲೆಗಳಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಇರುತ್ತದಲ್ಲ, ಹಾಗೆ ಅಲ್ಲಿ ವರ್ಷಕ್ಕೇ ಪಾಳಿ. ಶಾಲೆಯ ಮಕ್ಕಳನ್ನು ಮೂರು ಗುಂಪು ಮಾಡುವುದು. ಯಾವುದೇ ದಿನ ಎರಡು ಗುಂಪು ಶಾಲೆಯಲ್ಲಿ, ಒಂದು ಗುಂಪು ರಜೆಯಲ್ಲಿ. ನಾಲ್ಕು ತಿಂಗಳು ಶಾಲೆ, ಎರಡು ತಿಂಗಳು ರಜೆ, ಹೀಗೇ ಸುತ್ತು. ಕಟ್ಟಡಕ್ಕೆ ಮಾತ್ರ ವರ್ಷವಿಡೀ ರಜೆಯಿಲ್ಲ. ಈ ಲೆಕ್ಕದಲ್ಲಿ ಮಗುವಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 163 ದಿನ ಪಾಠ. ಬೇರೆಡೆಯ ಮಕ್ಕಳಿಗೆ 180. ದಿನಕ್ಕೆ ಕೆಲವು ನಿಮಿಷ ಹೆಚ್ಚು ಕೂರಿಸಿ ಸರಿದೂಗಿಸಿದೆವು ಎಂದು ಆಡಳಿತ ಹೇಳುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ಇನ್ನೊಂದು ಚಪಾತಿ ಬಡಿಸಿ, ನಾಳೆಯ ಊಟವೂ ಆಯಿತು ಅಂದ ಹಾಗೆ. ವರ್ಷಕ್ಕೆ 17 ದಿನ, 12 ವರ್ಷಕ್ಕೆ 204 ದಿನ. ಒಂದು ಇಡೀ ಶಾಲಾ ವರ್ಷಕ್ಕಿಂತ ಜಾಸ್ತಿ. ಇದು ಆಗಿದ್ದು ಶ್ರೀಮಂತರ ಬಡಾವಣೆಗಳಲ್ಲಿ ಅಲ್ಲ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

2000ದಲ್ಲಿ ಕೆಲವು ವಿದ್ಯಾರ್ಥಿಗಳ ಪರವಾಗಿ ಕ್ಯಾಲಿಫೋರ್ನಿಯಾ ರಾಜ್ಯದ ಮೇಲೆಯೇ ದಾವೆ ಹೂಡಲಾಯಿತು. 'ವಿಲಿಯಮ್ಸ್ ಮೊಕದ್ದಮೆ' ಎಂದೇ ಅದು ಪ್ರಸಿದ್ಧ. ಪಠ್ಯಪುಸ್ತಕವಿಲ್ಲ, ತರಬೇತಾದ ಶಿಕ್ಷಕರಿಲ್ಲ, ಶೌಚಾಲಯ ಸರಿಯಿಲ್ಲ, ಜಾಗವಿಲ್ಲ. 2004ರಲ್ಲಿ ರಾಜಿಯಾಯಿತು. ಕಾನ್ಸೆಪ್ಟ್ 6 ಅನ್ನು 2012ರೊಳಗೆ ನಿಲ್ಲಿಸಬೇಕು ಎಂಬುದು ಅದರ ಒಂದು ಭಾಗ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಣ್ಣ ಭಾಗ. ಪ್ರತಿ ತರಗತಿಯ ಗೋಡೆಯ ಮೇಲೂ ಒಂದು ಸೂಚನಾ ಪತ್ರ ಅಂಟಿಸಬೇಕು: ಪ್ರತಿ ಮಗುವಿಗೆ ಪುಸ್ತಕ ಇರಬೇಕು, ಕಟ್ಟಡ ಸ್ವಚ್ಛವಾಗಿ ಸುರಕ್ಷಿತವಾಗಿರಬೇಕು, ಇಲ್ಲದಿದ್ದರೆ ದೂರು ಕೊಡುವುದು ಹೀಗೆ ಎಂದು. ಗೋಡೆ ಮೇಲೆ ಬರೆದಿದ್ದರೆ ಮಗುವೇ ಓದಿ ಮನೆಗೆ ಬಂದು ಹೇಳುತ್ತದೆ!

ಇನ್ನು ದುಡ್ಡಿನ ಮಾತು. ಶಾಲೆ ಕಟ್ಟಲು ಅಲ್ಲಿ ಜಿಲ್ಲೆ ಬಾಂಡ್ ಹೊರಡಿಸುತ್ತದೆ. ಬಾಂಡ್ ಅಂದರೆ ಸಾಲಪತ್ರ. ಹೂಡಿಕೆದಾರರಿಂದ ಸಾಲ ತಂದು ಇವತ್ತು ಶಾಲೆ ಕಟ್ಟುವುದು, 25–30 ವರ್ಷ ಆ ಊರಿನವರ ಆಸ್ತಿ ತೆರಿಗೆಯಿಂದ ಬಡ್ಡಿ ಸಮೇತ ತೀರಿಸುವುದು. ಈ ಸಾಲ ಮಾಡಬೇಕೋ ಬೇಡವೋ ಎಂದು ಊರಿನವರೇ ಮತ ಹಾಕುತ್ತಾರೆ. ಮೂರನೇ ಎರಡರಷ್ಟು ಮತ ಬೇಕಿತ್ತು. 1997ರಲ್ಲಿ ಲಾಸ್ ಏಂಜಲೀಸ್ ಜನ 240 ಕೋಟಿ ಡಾಲರ್‌ಗಳ 'ಪ್ರೊಪೊಸಿಷನ್ ಬಿಬಿ'ಗೆ ಹೂಂ ಅಂದರು. ನಂತರ 2000ದಲ್ಲಿ 'ಪ್ರೊಪೊಸಿಷನ್ 39' ಬಂತು. ಇನ್ನು ಮುಂದೆ ಶೇ. 55 ಮತ ಸಾಕು. ಆದರೆ ಸಾಲ ಸುಲಭವಾದಷ್ಟೂ ಲೆಕ್ಕ ಬಿಗಿಯಾಗಬೇಕು ಎಂಬುದು ಒಪ್ಪಂದ.

ಆ ಷರತ್ತುಗಳನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಮ್ಮ ಮಹಿಳಾ ಮಂಡಳಿಗಳಿಗೂ ಬೇಕಾದ ಮಾತು. ಏನೇನು ಕಟ್ಟುತ್ತೇವೆ ಎಂಬ ಪಟ್ಟಿ ಮತದಾನಕ್ಕೆ ಮೊದಲೇ ಕೊಡಬೇಕು. ಶಿಕ್ಷಕರ, ಅಧಿಕಾರಿಗಳ ಸಂಬಳಕ್ಕೆ ಈ ದುಡ್ಡು ಮುಟ್ಟುವಂತಿಲ್ಲ. ಪ್ರತಿ ವರ್ಷ ಹೊರಗಿನವರಿಂದ ಎರಡು ಬಗೆಯ ಲೆಕ್ಕಪರಿಶೋಧನೆ: ದುಡ್ಡು ಎಲ್ಲಿ ಹೋಯಿತು ಎಂಬುದು ಒಂದು, ಪಟ್ಟಿಯಲ್ಲಿದ್ದ ಕೆಲಸಕ್ಕೇ ಹೋಯಿತೇ ಎಂಬುದು ಇನ್ನೊಂದು. ಜೊತೆಗೆ ಕನಿಷ್ಠ ಏಳು ಜನರ ನಾಗರಿಕ ಮೇಲ್ವಿಚಾರಣಾ ಸಮಿತಿ. ಅದರಲ್ಲಿ ವ್ಯಾಪಾರಿ ಸಂಘದಿಂದ ಒಬ್ಬರು, ಹಿರಿಯ ನಾಗರಿಕರ ಸಂಘಟನೆಯಿಂದ ಒಬ್ಬರು, ತೆರಿಗೆದಾರರ ಸಂಘದಿಂದ ಒಬ್ಬರು, ಪೋಷಕರು ಇರಲೇಬೇಕು. ಶಾಲಾ ಜಿಲ್ಲೆಯ ನೌಕರರು, ಗುತ್ತಿಗೆದಾರರು, ಸರಬರಾಜು ಮಾಡುವವರು, ಸಲಹೆಗಾರರು ಇರಲೇಬಾರದು. ಸಂಬಳವಿಲ್ಲ. ಸಭೆ ಮುಚ್ಚಿದ ಬಾಗಿಲಿನೊಳಗಲ್ಲ. ವರ್ಷಕ್ಕೊಂದು ವರದಿ ಕೊಡಬೇಕು.

ಇಷ್ಟೆಲ್ಲ ಇದ್ದೂ ಎಡವಟ್ಟುಗಳು ಆಗಲಿಲ್ಲವೇ? ಬೇಕಾದಷ್ಟು ಆದವು. ಈ ಕಾನೂನು ಬರುವ ಮೊದಲೇ ಬೆಲ್ಮಾಂಟ್ ಎಂಬಲ್ಲಿ ಹಳೆಯ ಎಣ್ಣೆ ಬಾವಿಗಳ ಜಾಗದಲ್ಲಿ ಹೈಸ್ಕೂಲು ಕಟ್ಟಲು ಶುರು ಮಾಡಿದ್ದರು. ನೆಲದಿಂದ ಮೀಥೇನ್ ಅನಿಲ. 2000ದಲ್ಲಿ ಕೆಲಸ ನಿಂತಿತು. ಆಮೇಲೆ ನೋಡಿದರೆ ಕೆಳಗೆ ಭೂಕಂಪದ ಬಿರುಕು! ಕಟ್ಟಿದ್ದರಲ್ಲಿ ಒಂದಷ್ಟು ಕೆಡವಿ, ವಿನ್ಯಾಸ ಬದಲಿಸಿ, ಬೇರೆ ಹೆಸರಿನಲ್ಲಿ ಶಾಲೆ ತೆರೆದದ್ದು 2008ರಲ್ಲಿ. 35 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು. 2010ರಲ್ಲಿ ರಾಬರ್ಟ್ ಕೆನಡಿ ಹೆಸರಿನ ಶಾಲಾ ಸಮುಚ್ಚಯ ತೆರೆಯಿತು, 57.8 ಕೋಟಿ ಡಾಲರ್, ಸುಮಾರು 4,200 ಮಕ್ಕಳಿಗೆ. ಅದೇ ಹೊತ್ತಿಗೆ ಆರ್ಥಿಕ ಕುಸಿತದಿಂದ ಶಿಕ್ಷಕರನ್ನು ಕೆಲಸದಿಂದ ತೆಗೆಯುತ್ತಿದ್ದರು. ಕಟ್ಟಡದ ದುಡ್ಡು ಸಂಬಳಕ್ಕೆ ಬರುವುದಿಲ್ಲ, ನಿಯಮ ನಿಯಮವೇ. ಜನರಿಗೆ ಹೊಟ್ಟೆ ಉರಿದದ್ದರಲ್ಲಿ ಆಶ್ಚರ್ಯವೇನು?

ಸ್ಯಾನ್ ಡಿಯಾಗೊ ಕಡೆಯ ಪೋವೇ ಎಂಬ ಶಾಲಾ ಜಿಲ್ಲೆಯದು ಇನ್ನೊಂದು ಬಗೆ. 2011ರಲ್ಲಿ 10.5 ಕೋಟಿ ಡಾಲರ್ ಸಾಲ ತಂದರು. ಮೊದಲ ಸುಮಾರು 20 ವರ್ಷ ಏನೂ ಕಟ್ಟುವಂತಿಲ್ಲ, ಹಾಯಾಗಿರಿ. ಬಡ್ಡಿಗೆ ಬಡ್ಡಿ ಸೇರಿ ಕೊನೆಗೆ ಕಟ್ಟಬೇಕಾದದ್ದು ಸುಮಾರು 98 ಕೋಟಿ. ಒಂದು ರೂಪಾಯಿಗೆ ಒಂಬತ್ತು ರೂಪಾಯಿ! ಅವತ್ತು ಒಂದನೇ ಕ್ಲಾಸಿನಲ್ಲಿದ್ದ ಮಗು ದೊಡ್ಡದಾಗಿ ಮನೆ ಕೊಂಡು ತೆರಿಗೆ ಕಟ್ಟುತ್ತದೆ, ಅಷ್ಟೆ. ಗಲಾಟೆಯಾದ ಮೇಲೆ 2013ರಲ್ಲಿ ರಾಜ್ಯ ಕಾನೂನು ತಂದು, ತೀರಿಸುವ ಮೊತ್ತ ಅಸಲಿನ ನಾಲ್ಕು ಪಟ್ಟು ಮೀರಬಾರದು ಎಂದಿತು. ನಾಲ್ಕು ಪಟ್ಟೂ ನನಗೆ ಜಾಸ್ತಿಯೇ ಅನಿಸುತ್ತದೆ.

ಆದರೆ ನನ್ನ ವೃತ್ತಿಗೆ ಹತ್ತಿರದ ಕತೆ ಐಪ್ಯಾಡ್‌ನದು. 2013ರಲ್ಲಿ ಲಾಸ್ ಏಂಜಲೀಸ್ ಜಿಲ್ಲೆ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟಿತು. ಒಟ್ಟು ಅಂದಾಜು 130 ಕೋಟಿ ಡಾಲರ್‌ವರೆಗೆ ಹೋಗುವ ಯೋಜನೆ, ದೊಡ್ಡ ಪಾಲು ಬಾಂಡ್ ದುಡ್ಡು. ಪಾಠದ ಸಾಫ್ಟ್‌ವೇರ್ ಸೇರಿ ಒಂದಕ್ಕೆ 768 ಡಾಲರ್. ಹಂಚಿದ ಕೆಲವೇ ದಿನಗಳಲ್ಲಿ ಹೈಸ್ಕೂಲು ಮಕ್ಕಳು ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೈಲ್ ಅಳಿಸಿ, ಇಲಾಖೆ ಹಾಕಿದ್ದ ತಡೆ ದಾಟಿ, ಬೇಕಾದ ಸೈಟಿಗೆಲ್ಲ ಹೋಗಿಬಿಟ್ಟರು. (ಆ ಮಕ್ಕಳಿಗೆ ನಮ್ಮ ಆಫೀಸಿನಲ್ಲಿ ಕೆಲಸ ಕೊಡಬಹುದು.) ಪರೀಕ್ಷೆ ಬರೆಯಲು ಕೀಬೋರ್ಡ್ ಬೇಕು ಎಂಬುದು ಆಮೇಲೆ ಎದ್ದ ಮಾತು.

ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಇದು ಗೊತ್ತಿರುವುದೇ. ಉಪಕರಣ ಕೊಳ್ಳುವುದು ಸುಲಭ, ನಡೆಸುವುದು ಕಷ್ಟ. ಯಾವ ಟ್ಯಾಬ್ ಯಾರ ಕೈಯಲ್ಲಿದೆ, ಒಡೆದರೆ ಯಾರು ರಿಪೇರಿ ಮಾಡುತ್ತಾರೆ, ನೆಟ್‌ವರ್ಕ್ ತಡೆಯುತ್ತದೆಯೇ, ಲೈಸೆನ್ಸ್ ಮುಗಿದ ಮೇಲೆ ಮುಂದೇನು. ಮೂರು ನಾಲ್ಕು ವರ್ಷದಲ್ಲಿ ಹಳತಾಗುವ ವಸ್ತುವಿಗೆ 25 ವರ್ಷದ ಸಾಲ. ಮಗು ಕಾಲೇಜು ಮುಗಿಸಿ ಮದುವೆಯಾದರೂ ಅದರ ಟ್ಯಾಬ್‌ನ ಕಂತು ಮುಗಿದಿರುವುದಿಲ್ಲ.

ಈ ಪ್ರಶ್ನೆಗಳನ್ನು ಮೇಲ್ವಿಚಾರಣಾ ಸಮಿತಿಯಲ್ಲಿ ಗಟ್ಟಿಯಾಗಿ ಕೇಳಿದವರಲ್ಲಿ ಒಬ್ಬ ವಾಸ್ತುಶಿಲ್ಪಿ ಇದ್ದರು. 2014ರಲ್ಲಿ ಅವರ ಅವಧಿ ಮುಂದುವರಿಸಲು ಶಾಲಾ ಮಂಡಳಿ ಒಪ್ಪಲಿಲ್ಲ. ಊರಿನಲ್ಲಿ ಕೂಗೆದ್ದಿತು, ಮುಂದಿನ ತಿಂಗಳೇ ಅವರನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಟೆಂಡರಿಗೆ ಮೊದಲೇ ಜಿಲ್ಲೆಯ ಮುಖ್ಯಸ್ಥರಿಗೂ ಕಂಪನಿಯವರಿಗೂ ನಡುವೆ ಇ-ಮೇಲ್ ಓಡಾಡಿದ್ದು ಪತ್ರಿಕೆಗಳಲ್ಲಿ ಬಂತು. ಆಗಸ್ಟ್‌ನಲ್ಲಿ ಒಪ್ಪಂದ ನಿಂತಿತು, ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ತನಿಖೆಯಲ್ಲಿ ಯಾರ ಮೇಲೂ ಆರೋಪಪಟ್ಟಿ ಬರಲಿಲ್ಲ, ಅದನ್ನೂ ಹೇಳಬೇಕು.

ಹಾಗೆಂದು ಎಲ್ಲವೂ ನೀರಿನಲ್ಲಿ ಹೋಮ ಅನ್ನಬೇಡಿ. ಎರಡು ದಶಕಗಳಲ್ಲಿ 131 ಹೊಸ ಶಾಲೆ ಎದ್ದವು. ಗಡುವಿಗಿಂತ ತಡವಾದರೂ, 2017ರ ಸುಮಾರಿಗೆ ಪಾಳಿ ಕ್ಯಾಲೆಂಡರ್ ಪೂರ್ತಿ ಹೋಯಿತು. ಮಕ್ಕಳು ತಮ್ಮ ಬಡಾವಣೆಯ ಶಾಲೆಗೇ, ಬೇರೆಯವರಷ್ಟೇ ದಿನ ಹೋಗುವಂತಾಯಿತು. ಸಾಲ ಮಾಡಿದ್ದು ತಪ್ಪು ಎನ್ನುವವರ ಜೊತೆ ನಾನಿಲ್ಲ. ವಿಚಿತ್ರವೆಂದರೆ ಈಗ ಅಲ್ಲಿ ಮಕ್ಕಳ ಸಂಖ್ಯೆ ನಾಲ್ಕೂವರೆ ಲಕ್ಷಕ್ಕಿಂತ ಕೆಳಗಿಳಿದಿದೆ. ಕೋಣೆಗಳು ಖಾಲಿ, ಸಾಲ ಮಾತ್ರ ಹಾಗೇ.

ಈಗ ನಮ್ಮ ಮಾತು. ಊರಿನವರು ಮತ ಹಾಕಿ ಶಾಲೆಗೆ ಸಾಲ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಶಿಕ್ಷಣಕ್ಕೆಂದೇ ನಮ್ಮೆಲ್ಲರ ಸಂಬಳದಿಂದ ಸೆಸ್ ಕಡಿತವಾಗುತ್ತದೆ. 2004ರಲ್ಲಿ ಶೇ. 2, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಇನ್ನೊಂದು ಶೇ. 1, 2018ರಿಂದ ಆರೋಗ್ಯವೂ ಸೇರಿ ಶೇ. 4. ನಿಮ್ಮ ಫಾರಂ 16 ತೆಗೆದು ನೋಡಿ, ಒಂದು ಸಾಲು ಅದೇ ಇರುತ್ತದೆ. ಆ ಎರಡನೆಯ ಸೆಸ್‌ನಿಂದ ಹತ್ತು ವರ್ಷದಲ್ಲಿ 83 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬಂದಿದ್ದರೂ, ಅದನ್ನು ಇಡಬೇಕಾದ ಪ್ರತ್ಯೇಕ ನಿಧಿಗೆ ಹಾಕಿರಲಿಲ್ಲ ಎಂದು ಸಿಎಜಿ ವರದಿ ಹೇಳಿತು. ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟದ್ದೇ 2017ರಲ್ಲಿ. ದುಡ್ಡು ಮಾಯವಾಯಿತು ಎಂದಲ್ಲ, ಯಾವ ಡಬ್ಬಿಯಲ್ಲಿದೆ ಎಂದು ತೋರಿಸಲು ಆಗಲಿಲ್ಲ. ಜೀರಿಗೆ ಡಬ್ಬಿಯಲ್ಲಿ ದುಡ್ಡಿಟ್ಟು ಮನೆ ನಡೆಸಿದ ನಮ್ಮ ಅಮ್ಮಂದಿರಿಗೆ ಇದರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಸಮಿತಿ ನಮ್ಮಲ್ಲೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಶಾಲೆಗೂ ನಿರ್ವಹಣಾ ಸಮಿತಿ. ಊರಲ್ಲಿ ಎಸ್‌ಡಿಎಂಸಿ ಅನ್ನುತ್ತಾರೆ, ಇಲ್ಲಿ 'ಶಾಲಾ ವ್ಯವಸ್ಥಾಪನ ಸಮಿತಿ'. ಮುಕ್ಕಾಲು ಪಾಲು ತಂದೆ ತಾಯಂದಿರು, ಅರ್ಧ ಮಹಿಳೆಯರು. ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಅದರ ಕೆಲಸ. ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಎಷ್ಟೋ ತಾಯಂದಿರು ಇಂಥ ಸಮಿತಿಗಳ ಸದಸ್ಯರು. ಸಭೆಗೆ ಹೋದರೆ ಅವತ್ತಿನ ರಜೆಗೆ ದುಡ್ಡು ಹಿಡಿಯುವವರು ನಾವೇ ಆಗಬಾರದು, ಅಲ್ಲವೇ?

ಜಗಳದ ಮಾತು ಈಗ. ನಾವು ನೋಟ್‌ಬುಕ್ ಕೊಡುವ ಪಾಲಿಕೆಯ ಕನ್ನಡ ಶಾಲೆಗೆ ಈ ವರ್ಷ ಸ್ಮಾರ್ಟ್ ಟಿವಿ ಕೊಡಲು ದೇಣಿಗೆ ಎತ್ತುತ್ತಿದ್ದೇವೆ. ಕಳೆದ ತಿಂಗಳು ನಾವು ಮೂವರು ಹೋಗಿ ನೋಡಿ ಬಂದೆವು. ಅದೇ ಕಟ್ಟಡದ ಬೇರೆ ಮಹಡಿಯಲ್ಲಿ ಇನ್ನೊಂದು ಮಾಧ್ಯಮದ ಶಾಲೆ ಎರಡು ಪಾಳಿಯಲ್ಲಿ ತುಂಬಿ ತುಳುಕುತ್ತಿದೆ. ನಮ್ಮ ಕನ್ನಡದ ಮಕ್ಕಳು ಕಡಿಮೆ, ಹಾಗಾಗಿ ಶಿಕ್ಷಕರೂ ಕಡಿಮೆ, ಮೂರನೇ ನಾಲ್ಕನೇ ತರಗತಿ ಒಂದೇ ಕೋಣೆಯಲ್ಲಿ. ನಿಮಗೇನು ಬೇಕು ಟೀಚರ್ ಎಂದು ಕೇಳಿದೆ. ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಕೊನೆಗೆ ಹೇಳಿದ್ದು: ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಹೋಗಿದೆ, ನಲ್ಲಿಯಲ್ಲಿ ನೀರಿಲ್ಲ, ಮತ್ತೆ ಎರಡನೇ ತರಗತಿಗೆ ಬೆಳಗ್ಗೆ ಎರಡು ಗಂಟೆ ಓದು ಹೇಳಿಕೊಡುವ ಯಾರಾದರೂ ಸಿಕ್ಕರೆ. ಟಿವಿಯ ಮಾತು ಅವರು ಎತ್ತಲಿಲ್ಲ.

ಟಿವಿಯ ಮುಂದೆ ನಿಂತು ಫೋಟೊ ಚೆನ್ನಾಗಿ ಬರುತ್ತದೆ, ಚಿಲಕದ ಮುಂದೆ ಬರುವುದಿಲ್ಲ, ಒಪ್ಪಿದೆ. ಆದರೂ ನನ್ನ ಕೋರಿಕೆ ಇಷ್ಟು. ಟಿವಿ ಖರೀದಿಯನ್ನು ಮುಂದಿನ ಸಭೆಯವರೆಗೆ ತಡೆಯೋಣ. ಆ ಶಾಲೆಯ ಸಮಿತಿಯ ತಾಯಂದಿರನ್ನು ಇಲ್ಲಿಗೆ ಕರೆದು ಅವರ ಪಟ್ಟಿ ಕೇಳೋಣ. ಬಂದ ದೇಣಿಗೆ, ಆದ ಖರ್ಚು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೂ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಹಾಕೋಣ. ಲೆಕ್ಕ ನೋಡುವವರು ಖರೀದಿ ಮಾಡಿದವರಲ್ಲದೆ ಬೇರೆಯವರಾಗಿರಲಿ. ವಾರಕ್ಕೆ ಒಂದು ಬೆಳಗ್ಗೆ ಓದು ಹೇಳಿಕೊಡಲು ಯಾರು ಯಾರು ಬರಬಹುದು ಎಂದು ಬರೆಯಲು ಒಂದು ಹಾಳೆ ತಂದು ಬಾಗಿಲ ಹತ್ತಿರ ಇಟ್ಟಿದ್ದೇನೆ. ಶನಿವಾರ ನನ್ನದು. ಉಳಿದ ಐದು ದಿನ ಖಾಲಿ ಇವೆ.

ಖಜಾಂಚಿ ಅಕ್ಕ ಆಗಲೇ ಕೈ ಎತ್ತಿದ್ದಾರೆ. ಪ್ರಶ್ನೆಗಳಿಗೆ ಸಮಯವಿದೆ, ಕೇಳಿ ಅಕ್ಕ.