ವಚನಪಿತಾಮಹರ ಸ್ಮರಣೆ



ಫ. ಗು. ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲರಾಗಿ ಹೆಸರು ಪಡೆದರು. ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕುಗಳನ್ನು ಕಟ್ಟಿದರು. ಇಷ್ಟೇ ಆಗಿದ್ದರೆ ಅವರು ಅನೇಕ ಗಣ್ಯರೊಳಗೊಬ್ಬರು. ಆದರೆ ವಚನಗಳ ತಾಡವೋಲೆಯ ಕಟ್ಟುಗಳು ಮಠಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಲೇ, ಓದುವವರಿಲ್ಲದೆ ಹುಳುಗಳಿಗೆ ಆಹಾರವಾಗುತ್ತಿದ್ದುವು. ಹಳಕಟ್ಟಿಯವರು ಮನೆಮನೆಗೆ ಹೋಗಿ ಅವುಗಳನ್ನು ಬೇಡಿ ತಂದರು, ಪ್ರತಿಗೆ ಪ್ರತಿ ಹೋಲಿಸಿದರು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮುದ್ರಣಾಲಯವನ್ನು ಸ್ಥಾಪಿಸಲು ಇದ್ದ ಮನೆಯನ್ನೇ ಮಾರಿದರು! ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ವಕೀಲಿಯ ಗಳಿಕೆಯೆಲ್ಲವೂ ಅದಕ್ಕೇ ಸಂದಿತು. ಕೊಂಡು ಓದುವವರು ಮಾತ್ರ ವಿರಳ. ಇದು ಸಮಾಜಕ್ಕೆ ಭೂಷಣವಾದ ಮಾತಲ್ಲ. ಮುಪ್ಪಿನಲ್ಲಿ ಅವರಿಗುಳಿದುದು ಬಾಡಿಗೆಯ ಮನೆ, ಹಳೆಯ ಕೋಟು. ೧೯೬೪ರಲ್ಲಿ, ೮೪ನೆಯ ವರ್ಷದಲ್ಲಿ ಲಿಂಗೈಕ್ಯರಾದರು. ಆ ಓಲೆಗಳೊಳಗಿನ ಶರಣರ ನುಡಿ ಅಷ್ಟರಲ್ಲಿ ಅಚ್ಚಾಗಿ ಊರೂರು ಸೇರಿದ್ದಿತು.