ಆಶ್ರಯವೂ ಗುರುಪೀಠವೂ

 

ಕೊಡಗನ್ನಾಳಿದ ಹಾಲೇರಿ ವಂಶದ ಅರಸರು ಲಿಂಗಾಯತ ಮತಸ್ಥರೆಂಬುದು ಸರ್ವವಿದಿತವಾದ ಸಂಗತಿ. ಆ ವಂಶದ ದೊಡ್ಡವೀರರಾಜೇಂದ್ರನು 1792ರಲ್ಲಿ ವಿರಾಜಪೇಟೆಯನ್ನು ಕಟ್ಟಿಸಿದಾಗ, ಟಿಪ್ಪುಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಅಲ್ಲಿ ನೆಲೆಯನ್ನಿತ್ತು, ಅವರ ಆರಾಧನೆಗೂ ಅನುಕೂಲವನ್ನು ಕಲ್ಪಿಸಿದನು. ಸಂತ ಅನ್ನಮ್ಮನವರ ಚರ್ಚು ಆ ಔದಾರ್ಯಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ಪರಮತೀಯನಿಗೆ ಆಶ್ರಯವೀಯುವುದು ದೊಡ್ಡ ಧರ್ಮವೇ ಸರಿ. ಆದರೆ ಅದಕ್ಕಿಂತಲೂ ಕಠಿನವಾದ ಧರ್ಮವೊಂದುಂಟು. ತಮ್ಮ ಮನೆಯಲ್ಲಿಯೇ ಹುಟ್ಟಿ, ತಮ್ಮ ಶಾಸ್ತ್ರವನ್ನೇ ಓದಿ, ಆ ಶಾಸ್ತ್ರದ ಒಂದು ವಾಕ್ಯದಿಂದಲೇ ದೂಷಿತನೆನಿಸಿಕೊಂಡವನನ್ನು ಗುರುಪೀಠದಲ್ಲಿ ಕುಳ್ಳಿರಿಸಿ, ಅವನಿಂದ ಪಾಠವನ್ನು ಕೇಳುವುದೇ ಆ ಧರ್ಮ. ಇದಕ್ಕೊಂದು ದೃಷ್ಟಾಂತವನ್ನು ಅಮೆರಿಕಾ ದೇಶದ ಯೆಹೂದ್ಯರಲ್ಲಿ ಕಾಣಬಹುದು.

ಯೆಹೂದ್ಯರು ದಕ್ಷಿಣ ದೇಶಕ್ಕೆ ಹೊಸಬರಲ್ಲ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಅವರ ಸಿನಗಾಗ್, ಅಂದರೆ ಪ್ರಾರ್ಥನಾಮಂದಿರವು, ಈಗಲೂ ಇದೆ. ಅವರಲ್ಲಿ ರಬ್ಬಿ ಎಂದರೆ ಪೂಜಾರಿಯಲ್ಲ, ಬೋಧಕನು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಮೂಡುವವರೆಗೆ ಅವರ ಸಬ್ಬತ್ ದಿನ. ಅಮೆರಿಕೆಯ ಅನೇಕ ಸಿನಗಾಗ್‌ಗಳು ಪರಸ್ಥಳದ ವಿದ್ವಾಂಸರೊಬ್ಬರನ್ನು ಆ ದಿನಕ್ಕೆ ಬರಮಾಡಿಕೊಂಡು, ರಾತ್ರಿಯ ಊಟವಾದ ಮೇಲೂ, ಬೆಳಗಿನ ತೋರಾ ಪಠನದ ತರುವಾಯವೂ, ಅಪರಾಹ್ನದಲ್ಲಿಯೂ ಅವರಿಂದ ಪಾಠ ಹೇಳಿಸುವ ಪದ್ಧತಿಯುಂಟು. ಇಬ್ಬಿಬ್ಬರು ಜೊತೆಯಾಗಿ ಕುಳಿತು ಒಂದೇ ವಾಕ್ಯವನ್ನು ವಾದಿಸುತ್ತ ಓದುವುದು ಅವರ ಪುರಾತನ ಸಂಪ್ರದಾಯ. ಪ್ರಶ್ನಿಸುವುದು ಅಲ್ಲಿ ಅವಿನಯವೆನಿಸದು.

ಹೀಗೆ ಪಾಠ ಹೇಳುವವರಲ್ಲಿ ಸ್ಟೀವನ್ ಗ್ರೀನ್‌ಬರ್ಗ್ ಎಂಬವರೊಬ್ಬರು. ಇವರು 1983ರಲ್ಲಿ ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದಲ್ಲಿ ಸಂಪ್ರದಾಯಸ್ಥ ಪಂಥದ ರಬ್ಬಿಯಾಗಿ ದೀಕ್ಷೆ ಪಡೆದರು. ಸ್ತ್ರೀಯರ ಮೇಲೆ ಉಂಟಾಗಬೇಕಾದ ಅನುರಾಗವು ತಮಗೆ ಪುರುಷರ ಮೇಲೆ ಉಂಟಾಗುವುದೆಂಬುದನ್ನು ಬಹುಕಾಲ ಮುಚ್ಚಿಟ್ಟು ಬಾಳಿದರು. 1993ರಲ್ಲಿ ಆ ವಿಷಯವಾಗಿ ಲೇಖನವನ್ನು ಬರೆದಾಗಲೂ ಸ್ವಂತ ಹೆಸರನ್ನು ಹಾಕಲಾರದೆ, 'ಒಂಟಿಯಾದ ಯಾಕೋಬ' ಎಂಬರ್ಥದ ಹೀಬ್ರೂ ಹೆಸರನ್ನು ಇಟ್ಟುಕೊಂಡರು. ಯೆಹೂದ್ಯರ ಪುರಾಣದಲ್ಲಿ ಯಾಕೋಬನು ಇರುಳೆಲ್ಲ ಒಬ್ಬಂಟಿಗನಾಗಿ ಅಜ್ಞಾತನೊಬ್ಬನೊಡನೆ ಹೋರಾಡಿ, ತೊಡೆಯ ಕೀಲು ತಪ್ಪಿದರೂ, ಆಶೀರ್ವದಿಸದ ಹೊರತು ಬಿಡಲಾರೆನೆಂದು ಹಿಡಿದು ನಿಂತವನು. 1999ರಲ್ಲಿ ಗ್ರೀನ್‌ಬರ್ಗರು ನಿಜನಾಮದಿಂದಲೇ ಸತ್ಯವನ್ನು ಪ್ರಕಟಪಡಿಸಿದರು. 2004ರಲ್ಲಿ ಆ ವಿಚಾರವನ್ನು ಕುರಿತು ಗ್ರಂಥವನ್ನು ಬರೆದರು.

ಯಾಜಕಕಾಂಡದ 18ನೆಯ ಅಧ್ಯಾಯದ 22ನೆಯ ವಾಕ್ಯವು ಪುರುಷನು ಪುರುಷನನ್ನು ಕೂಡುವುದನ್ನು ನಿಷೇಧಿಸುತ್ತದೆ. ವರ್ಷದಲ್ಲಿ ಅತ್ಯಂತ ಪವಿತ್ರವಾದ ದೋಷಪರಿಹಾರಕ ದಿನದ ಅಪರಾಹ್ನದಲ್ಲಿ ಅದನ್ನು ಸಭೆಯ ಮುಂದೆ ಓದುವುದು ವಾಡಿಕೆ. ಆ ಸಭೆಯ ಮೂಲೆಯಲ್ಲಿ ಕುಳಿತು ತನ್ನ ಮೇಲಿನ ತೀರ್ಪನ್ನು ತಾನೇ ಕೇಳುತ್ತಿರುವ ಬಾಲಕನ ಅಂತರಂಗವನ್ನು ಊಹಿಸಬಹುದು. ಗ್ರೀನ್‌ಬರ್ಗರು ಆ ವಾಕ್ಯವನ್ನು ಕಿತ್ತೊಗೆಯಲಿಲ್ಲ; ತಮ್ಮ ಬಾಳನ್ನೂ ಅಲ್ಲಗಳೆಯಲಿಲ್ಲ. ಅಲ್ಲಿ ನಿಷಿದ್ಧವಾದದ್ದು ಪ್ರೇಮವಲ್ಲ, ಪರರನ್ನು ಅಪಮಾನಗೊಳಿಸಿ ಅಧೀನಪಡಿಸಿಕೊಳ್ಳುವ ಕ್ರೌರ್ಯವೆಂದು ಅವರು ವ್ಯಾಖ್ಯಾನಿಸಿದರು. ಯೆಹೂದ್ಯರ ಸುಧಾರಕ ಪಂಥದ ರಬ್ಬಿಗಳು 1990ರಲ್ಲಿಯೇ ಇಂಥವರನ್ನು ಬೋಧಕರಾಗಿ ಅಂಗೀಕರಿಸಿದ್ದರು. ಮಧ್ಯಮ ಪಂಥದವರು 2006ರಲ್ಲಿ ಬಾಗಿಲನ್ನು ತೆರೆದರು. ಗ್ರೀನ್‌ಬರ್ಗರ ಸ್ವಂತ ಪಂಥದ ಬಹುಮಂದಿ ಪಂಡಿತರು ಮಾತ್ರ ಈ ವ್ಯಾಖ್ಯಾನವನ್ನು ಒಪ್ಪಲಿಲ್ಲ. ಆದರೂ ಅವರು ಆ ಪಂಥವನ್ನು ಬಿಟ್ಟುಹೋಗಲಿಲ್ಲ. ಅವರ ಪಾಠವನ್ನು ಕೇಳಿದವರೆಲ್ಲರೂ ಒಪ್ಪಲೇಬೇಕೆಂಬ ನಿಯಮವೂ ಇಲ್ಲ; ಎದುರಿಗೆ ಕುಳಿತು, ಅದೇ ಗ್ರಂಥವನ್ನು ತೆರೆದು, ವಾದಿಸಿದರೆ ಸಾಕು. ಮೂಲೆಯ ಬಾಲಕನು ಅದನ್ನು ಕಂಡು, ಈ ಮನೆಯಲ್ಲಿ ತನಗೂ ಜಾಗವುಂಟೆಂದು ತಿಳಿಯುವನು.

ಈ ಮಾತು ಕೊಡಗಿಗೆ ದೂರವಾದದ್ದಲ್ಲ. 1860ರ ದಂಡಸಂಹಿತೆಯ 377ನೆಯ ಕಲಮು ಇಂಥವರನ್ನು ಅಪರಾಧಿಗಳೆಂದು ಗಣಿಸಿತ್ತು. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅದಕ್ಕೂ ಮೊದಲೇ, 2013ರಲ್ಲಿ, ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನವು ಈ ನೋವಿಗೆ ಕನ್ನಡದಲ್ಲಿ ನುಡಿಗೊಟ್ಟಿತ್ತು. ನ್ಯಾಯಾಲಯವು ಶಿಕ್ಷೆಯ ಭಯವನ್ನು ನೀಗಬಲ್ಲುದು. ತಂದೆತಾಯಿಗಳ ಮುಖವನ್ನು ನೋಡಲು ಮಗನಿಗಿರುವ ಭಯವನ್ನು ನೀಗಲಾರದು. ಆ ಕೆಲಸವು ಮನೆಗೂ ಮಠಕ್ಕೂ ಸೇರಿದ್ದು. ಕಾಫಿಯ ತೋಟದ ನಡುವಣ ಮನೆಗಳಿಂದ ಹೊರಟು, ದೂರದ ಪಟ್ಟಣದಲ್ಲಿ ಬೇರೆಯೇ ಹೆಸರಿನ ಮರೆಯಲ್ಲಿ ಬಾಳುವ ಮಕ್ಕಳಿದ್ದರೆ, ಅವರೂ ಒಂಟಿಯಾದ ಯಾಕೋಬರೇ.

ಹಾಲೇರಿಯ ಅರಸನು ಪರಮತದವರಿಗೆ ನೆಲವನ್ನು ಕೊಟ್ಟನು. ಮನೆಯ ಮಕ್ಕಳು ಕೇಳುವುದು ನೆಲವನ್ನಲ್ಲ, ತಮ್ಮ ಹೆಸರಿನಿಂದಲೇ ಕುಳಿತು ಮಾತನಾಡುವ ಒಂದು ಮಣೆಯನ್ನು. ಅಂಥ ಮಣೆಯೊಂದು ಇಲ್ಲಿಯೂ ಹಾಕಲ್ಪಡಲಿ. ಈ ಮಹೋತ್ಸವವು ಅದರಿಂದ ಸಾರ್ಥಕವಾಗಲಿ.